ಅಗಲಿದವರಿಗೆ ಇಡುವ ಎಡೆ

ಸತ್ತವನು ಉಣ್ಣಲಾರನೆಂಬುದನ್ನು ಅರಿಯದ ಜನಾಂಗವು ಲೋಕದಲ್ಲಿ ಎಲ್ಲಿಯೂ ಇದ್ದಂತೆ ಕಾಣದು. ಆದರೂ ಸತ್ತವರಿಗೆಂದು ಅನ್ನವನ್ನು ತೆಗೆದಿರಿಸಿದ ಜನಾಂಗಗಳನ್ನು ಎಣಿಸುವುದು ಅಸದಳ. ಕಣ್ಣಿಗೆ ಕಾಣುವ ಸತ್ಯಕ್ಕೂ ಕೈ ಮಾಡುವ ಕೆಲಸಕ್ಕೂ ನಡುವೆ ಇರುವ ಈ ವಿರೋಧವನ್ನು ಮೌಢ್ಯವೆಂಬ ಒಂದೇ ಮಾತಿನಿಂದ ತಳ್ಳಿಬಿಡುವುದು ಸುಲಭ. ಪಿಂಡಪ್ರದಾನಾದಿ ಕರ್ಮಗಳನ್ನು ಒಪ್ಪದ ಶರಣಮಾರ್ಗದಲ್ಲಿ ಬೆಳೆದ ನಮಗಂತೂ ಅದು ಮತ್ತಷ್ಟು ಸುಲಭ. ಆದರೆ ಸುಲಭವಾಗಿ ತಳ್ಳಿದುದನ್ನು ಸಮ್ಯಕ್ಕಾಗಿ ನೋಡಿದೆವೆಂದು ಹೇಳಲಾಗದಷ್ಟೆ? ಆದಕಾರಣ, ನಮ್ಮ ಮನೆಯ ವಾದವಿವಾದಗಳ ಧೂಳು ಮುಸುಕದಿರುವ ದೂರದೇಶವೊಂದರ ಆಚರಣೆಯನ್ನು ಮುಂದಿಟ್ಟುಕೊಂಡು, ಅಗಲಿದವರಿಗೆ ಬದುಕಿರುವವರು ಸಲ್ಲಿಸಬೇಕಾದುದು ಏನಾದರೂ ಉಂಟೆ, ಉಂಟಾದರೆ ಅದು ಎಂಥದು ಎಂಬುದನ್ನು ವಾಚಕರೊಡನೆ ಕೂಡಿ ವಿಚಾರಿಸಬೇಕೆಂದಿರುವೆನು.

ಆ ದೇಶವು ಮೆಕ್ಸಿಕೋ. ಅಲ್ಲಿ ಮೆಕ್ಕೆಜೋಳದ ಸುಗ್ಗಿ ಮುಗಿಯುವ ಕಾಲಕ್ಕೆ ಸರಿಯಾಗಿ, ಪ್ರತಿ ವರ್ಷ ನವೆಂಬರ್ 1 ಮತ್ತು 2ರಂದು, ‘ದಿಯಾ ದೆ ಮುಯೆರ್ತೋಸ್’ ಎಂಬ ಹಬ್ಬವು ನಡೆಯುವುದು. ಮೃತರ ದಿನವೆಂದು ಅದರ ಅರ್ಥ. ಮೊದಲನೆಯ ದಿನವು ಶಿಶುಗಳಾಗಿದ್ದಾಗಲೇ ತೀರಿಹೋದವರಿಗೆ, ಎರಡನೆಯ ದಿನವು ದೊಡ್ಡವರಿಗೆ ಮೀಸಲು. ಕೆಲವು ಪ್ರಾಂತಗಳಲ್ಲಿ ಅಪಘಾತದಿಂದಲೋ ಕೊಲೆಯಿಂದಲೋ ಮಡಿದವರಿಗಾಗಿ ಅಕ್ಟೋಬರ್ 28ನೆಯ ದಿನವನ್ನು ಬೇರೆಯಾಗಿ ಇರಿಸಿರುವರು. ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ 2008ರಲ್ಲಿ ಈ ಆಚರಣೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಮನೆಯ ಒಂದು ಭಾಗದಲ್ಲಿ ಮೇಜನ್ನೋ ಮೆಟ್ಟಿಲಿನಂತೆ ಜೋಡಿಸಿದ ಹಲಗೆಗಳನ್ನೋ ಇಟ್ಟು, ಶುಭ್ರವಸ್ತ್ರವನ್ನು ಹಾಸಿ, ಅದರ ಮೇಲೆ ಅಗಲಿದವರ ಭಾವಚಿತ್ರಗಳನ್ನು ಇರಿಸುವರು. ಈ ಪೀಠಕ್ಕೆ ‘ಒಫ್ರೆಂದಾ’ ಎಂದು ಹೆಸರು, ಅರ್ಪಣೆ ಎಂದರ್ಥ. ದೂರದಿಂದ ಬಂದವರ ಬಾಯಾರಿಕೆಗೆ ಒಂದು ಲೋಟ ನೀರು, ಒಂದಿಷ್ಟು ಉಪ್ಪು, ದಾರಿ ಕಾಣಲೆಂದು ಮೇಣದ ಬತ್ತಿಗಳು, ಕೋಪಾಲ್ ಎಂಬ ಮರದ ಅಂಟಿನ ಧೂಪ, ಕೆಲವು ಮನೆಗಳಲ್ಲಿ ಕೈ ತೊಳೆಯಲು ನೀರಿನ ಬೋಗುಣಿ, ಒರೆಸಿಕೊಳ್ಳಲು ವಸ್ತ್ರ, ವಿಶ್ರಮಿಸಲು ಚಾಪೆ. ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ‘ತಮಾಲೆ’ ಎಂಬ ಕಡುಬುಗಳು, ಮೆಣಸಿನಕಾಯಿ ಮೊದಲಾದ ಅನೇಕ ಸಾಮಗ್ರಿಗಳನ್ನು ಅರೆದು ಮಾಡಿದ ‘ಮೋಲೆ’ ಎಂಬ ಗಟ್ಟಿ ಸಾರು, ಹಬ್ಬಕ್ಕೆಂದೇ ಸುಟ್ಟ ಸಿಹಿ ರೊಟ್ಟಿ, ಸಕ್ಕರೆಯ ಅಚ್ಚಿನಲ್ಲಿ ಹೊಯ್ದ ತಲೆಬುರುಡೆಗಳು. ಎಲ್ಲೆಲ್ಲಿಯೂ ಹಳದಿ ಕಿತ್ತಳೆ ಬಣ್ಣದ ಹೂವು. ಬೀದಿಯಿಂದ ಪೀಠದವರೆಗೂ ಅದರ ಎಸಳುಗಳನ್ನು ಚೆಲ್ಲಿ ಹಾದಿಯನ್ನು ಮಾಡುವರು. ಅದರ ಗಂಧವನ್ನು ಹಿಡಿದು ಅಗಲಿದವರು ಮನೆಯನ್ನು ಗುರುತಿಸುವರೆಂದು ನಂಬಿಕೆ. ಈ ಹೂವು ನಮಗೆ ಅಪರಿಚಿತವಲ್ಲ. ದಸರೆ ದೀಪಾವಳಿಗಳಲ್ಲಿ ನಮ್ಮ ಬಾಗಿಲುಗಳಿಗೆ ಕಟ್ಟುವ ಚೆಂಡುಹೂವೇ ಅದು. ಅದರ ತವರು ಮೆಕ್ಸಿಕೋ. ಯೂರೋಪಿಯನ್ನರು ಅಮೆರಿಕಾ ಖಂಡವನ್ನು ಹೊಕ್ಕ ಮೇಲೆ ಅದು ಕಡಲನ್ನು ದಾಟಿ ನಮ್ಮ ಹೊಲಗಳಿಗೆ ಬಂದಿತು. ಅಲ್ಲಿಯ ಮೂಲನಿವಾಸಿಗಳ ನಾವಾತಲ್ ಭಾಷೆಯಲ್ಲಿ ಅದರ ಹೆಸರಿಗೆ ಇಪ್ಪತ್ತರ ಹೂವು ಎಂದು ಅರ್ಥವಂತೆ. ಇಪ್ಪತ್ತು ಎಂದರೆ ಬಹಳ, ಬಹಳ ಎಸಳುಗಳುಳ್ಳದ್ದು.

ಮನೆಯ ಪೂಜೆಯೊಡನೆ ಸ್ಮಶಾನದ ಜಾಗರಣೆಯೂ ಉಂಟು. ಮಿಚೋಆಕಾನ್ ಪ್ರಾಂತದ ಪಾತ್ಸ್ಕ್ವಾರೋ ಸರೋವರದ ನಡುವೆ ಹಾನಿತ್ಸಿಯೋ ಎಂಬ ದ್ವೀಪವಿದೆ. ಅಲ್ಲಿಯ ಪುರೆಪೆಚಾ ಜನರ ಹೆಂಗಸರು ನವೆಂಬರ್ 1ರ ರಾತ್ರಿ ಸಮಾಧಿಗಳ ಬಳಿ ದೀಪ ಹಚ್ಚಿಟ್ಟು, ಬುತ್ತಿಯ ಬುಟ್ಟಿಯನ್ನು ಮುಂದಿಟ್ಟುಕೊಂಡು, ಚಳಿಯಲ್ಲಿ ಕಂಬಳಿ ಹೊದ್ದು ಬೆಳಗಾಗುವವರೆಗೆ ಕುಳಿತಿರುವರು. ಇನ್ನೂ ದೂರ, ಕಾಂಪೆಚೆ ಪ್ರಾಂತದ ಪೋಮುಚ್ ಎಂಬ ಮಾಯಾ ಜನರ ಊರಿನಲ್ಲಿ, ಹೂಳಿದ ಕೆಲವು ವರ್ಷಗಳ ತರುವಾಯ ಅಸ್ಥಿಗಳನ್ನು ತೆಗೆದು ಮರದ ಪೆಟ್ಟಿಗೆಯಲ್ಲಿ ಇಟ್ಟಿರುವರು. ಹಬ್ಬಕ್ಕೆ ಮುನ್ನ ಪ್ರತಿವರ್ಷವೂ ಬಂಧುಗಳೇ ಒಂದೊಂದು ಎಲುಬನ್ನೂ ಕೈಯಿಂದ ಒರೆಸಿ, ಕಸೂತಿ ಹಾಕಿದ ಹೊಸ ಬಟ್ಟೆಯನ್ನು ಹಾಸಿ, ಮರಳಿ ಇಡುವರು. ಮಗಳು ತಾಯಿಯ ತಲೆಬುರುಡೆಯನ್ನು ಒರೆಸುವಳು. ಓದಿದಾಗ ಮೈ ಜುಮ್ಮೆನ್ನುವುದು ನಿಜ. ಆದರೆ ಹಾಸಿಗೆ ಹಿಡಿದ ತಾಯಿಯ ಮುಖವನ್ನು ಒರೆಸುವ ಕೈಗೂ ಆ ಕೈಗೂ ನಡುವೆ ಇರುವ ಅಂತರವೆಷ್ಟು ಎಂದು ಒಮ್ಮೆ ಯೋಚಿಸಿದರೆ, ಜುಗುಪ್ಸೆಯು ಅಷ್ಟು ಬೇಗನೆ ತೀರ್ಪು ಕೊಡಲಾರದು.

ಈ ಹಬ್ಬದ ಮೂಲವನ್ನು ಕುರಿತು ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. 1521ರಲ್ಲಿ ಸ್ಪೇನಿನವರು ಅಜ್ಟೆಕರ ರಾಜಧಾನಿಯನ್ನು ಗೆಲ್ಲುವ ಮೊದಲು ಆ ಜನರಲ್ಲಿ ಸತ್ತ ಮಕ್ಕಳಿಗೊಂದು, ದೊಡ್ಡವರಿಗೊಂದು ಹಬ್ಬವಿದ್ದುವು. ಇತ್ತ ರೋಮನ್ ಕ್ಯಾಥೊಲಿಕರಲ್ಲಿ ನವೆಂಬರ್ 1 ಸಕಲ ಸಂತರ ದಿನ, ನವೆಂಬರ್ 2 ಸಕಲ ಆತ್ಮಗಳ ದಿನ. ದಿಯೇಗೋ ದುರಾನ್ ಎಂಬ ಪಾದ್ರಿಯು 16ನೆಯ ಶತಮಾನದಲ್ಲಿಯೇ, ಜನರು ಸಂತರ ಹೆಸರಿನಲ್ಲಿ ತಮ್ಮ ಹಳೆಯ ಹಬ್ಬವನ್ನೇ ನಡೆಸುತ್ತಿರಬಹುದೆಂದು ಶಂಕಿಸಿ ಬರೆದಿಟ್ಟನು. ಈಚಿನ ಕೆಲವು ವಿದ್ವಾಂಸರು ಇದನ್ನು ಪೂರ್ತಿಯಾಗಿ ಒಪ್ಪದೆ, ಇಂದಿನ ಆಚರಣೆಯಲ್ಲಿ ಸ್ಪೇನಿನ ಅಂಶವೇ ಹೆಚ್ಚೆನ್ನುವರು. ರೊಟ್ಟಿಯ ಗೋಧಿಯೂ ಬುರುಡೆಯ ಸಕ್ಕರೆಯೂ ಸ್ಪೇನಿನವರೊಡನೆ ಬಂದವೇ ಹೊರತು ಅಲ್ಲಿ ಮೊದಲು ಇರಲಿಲ್ಲ. ಎರಡು ನದಿಗಳು ಕೂಡಿದ ಮೇಲೆ ಯಾವ ಬಿಂದುವು ಯಾವ ನದಿಯದೆಂದು ಹೇಳುವ ಶ್ರಮವು ನಮಗೆ ಬೇಡ. ನಮಗೆ ಬೇಕಾದುದು ಬೇರೆ: ಈ ಎರಡು ಮತಗಳಲ್ಲಿಯೂ ಸತ್ತವರಿಗೆ ಬದುಕಿರುವವರಿಂದ ಆಗಬೇಕಾದ ಕೆಲಸವೊಂದಿತ್ತು. ಕ್ಯಾಥೊಲಿಕರ ಪ್ರಕಾರ ಶುದ್ಧಿಲೋಕದಲ್ಲಿ ಬೇಯುತ್ತಿರುವ ಆತ್ಮದ ಬಾಧೆಯು ಬಂಧುಗಳ ಪ್ರಾರ್ಥನೆಯಿಂದ ಕಡಿಮೆಯಾಗುವುದು. ಅಜ್ಟೆಕರ ಪ್ರಕಾರ ಸಾಮಾನ್ಯ ಮರಣ ಹೊಂದಿದವನು ನಾಲ್ಕು ವರ್ಷ ಕಠಿನವಾದ ಹಾದಿಯನ್ನು ನಡೆದು ಮಿಕ್ತ್ಲಾನ್ ಎಂಬ ಪಾತಾಳವನ್ನು ಸೇರಬೇಕು. ಅವನಿಗೆ ದಾರಿಯ ಬುತ್ತಿ ಬೇಕು. ಆ ಜನರ ನಂಬಿಕೆಗಳನ್ನು ಅವರ ಬಾಯಿಂದಲೇ ಕೇಳಿ ಬರೆಸಿದ ಸಾಹಾಗುನ್ ಎಂಬ ಪಾದ್ರಿಯ ಗ್ರಂಥದಿಂದ ಮತ್ತೊಂದು ಸಂಗತಿ ತಿಳಿಯುವುದು. ಸತ್ತವನು ಯಾವ ಲೋಕಕ್ಕೆ ಹೋಗುವನೆಂಬುದು ಅವನು ಬದುಕಿದ ರೀತಿಯಿಂದಲ್ಲ, ಸತ್ತ ರೀತಿಯಿಂದ ನಿರ್ಧಾರವಾಗುತ್ತಿತ್ತು. ಯುದ್ಧದಲ್ಲಿ ಮಡಿದವನೂ ಹೆರಿಗೆಯಲ್ಲಿ ಸತ್ತವಳೂ ಸೂರ್ಯನ ಬಳಿಗೆ. ನೀರಿನಲ್ಲಿ ಮುಳುಗಿದವನು ಮಳೆದೇವರ ತೋಟಕ್ಕೆ. ಕರ್ಮಫಲವನ್ನು ನಂಬಿದ ನಮಗೆ ಇದು ವಿಚಿತ್ರವಾಗಿ ತೋರುವುದು. ಆದರೂ ಹೆರುವಾಗ ಪ್ರಾಣಬಿಟ್ಟ ಹೆಣ್ಣನ್ನು ರಣದ ಕಲಿಯ ಸಮಾನಳೆಂದು ಎಣಿಸಿದ ಆ ಬುದ್ಧಿಯನ್ನು ಅಲ್ಲಗಳೆಯಲಾರೆನು.

ಇಂದಿನ ಪೀಠವನ್ನು ನೋಡಿದರೆ ಈ ಎರಡು ಸಿದ್ಧಾಂತಗಳೂ ಹಿಂದೆ ಸರಿದು, ಮೂರನೆಯ ಭಾವವೊಂದು ಮುಂದೆ ನಿಂತಿರುವುದು. ಅದು ಆತಿಥ್ಯ. ಸತ್ತವನು ಇಲ್ಲಿ ರಕ್ಷಿಸಬೇಕಾದ ಪಾಪಿಯೂ ಅಲ್ಲ, ಪಾಥೇಯವನ್ನು ಬೇಡುವ ಪಥಿಕನೂ ಅಲ್ಲ. ವರ್ಷಕ್ಕೊಮ್ಮೆ ಮನೆಗೆ ಬರುವ ನೆಂಟನು. ನೆಂಟನು ಆಹಾರದ ಸಾರವನ್ನು ಮಾತ್ರ ಸ್ವೀಕರಿಸಿ ಹೋಗುವನೆಂದು ಹೇಳಿ, ಉಳಿದುದನ್ನು ಮನೆಯವರು ತಾವು ಉಂಡು ನೆರೆಹೊರೆಗೆ ಹಂಚುವರು.

ಇಲ್ಲಿ ಪೂರ್ವಪಕ್ಷವು ಏಳುವುದು. ನೆಂಟನು ಬರುವನೆಂಬ ನಂಬಿಕೆಯೇ ಸುಳ್ಳಾದರೆ ಈ ಆತಿಥ್ಯಕ್ಕೆ ಅರ್ಥವೇನು? ಸಾವನ್ನು ಒಪ್ಪಿಕೊಳ್ಳಲಾರದ ಮನಸ್ಸು ತನ್ನನ್ನು ತಾನೇ ವಂಚಿಸಿಕೊಳ್ಳುವ ಆಟವಲ್ಲವೆ ಇದು?

ಈ ಆಕ್ಷೇಪಕ್ಕೆ ಉತ್ತರವನ್ನು ತರ್ಕದಲ್ಲಿ ಹುಡುಕುವುದಕ್ಕಿಂತ ಪೀಠದ ಮೇಲೆಯೇ ಹುಡುಕುವುದು ಲೇಸು. ಅಲ್ಲಿ ಏನೇನನ್ನು ಇಡುವರು? ಸತ್ತವನು ಬದುಕಿದ್ದಾಗ ಯಾವುದನ್ನು ಮೆಚ್ಚುತ್ತಿದ್ದನೋ ಅದನ್ನು. ಹುಳಿಯ ಹಣ್ಣನ್ನು ಒಲ್ಲದವನಿಗೆ ಹುಳಿಯ ಹಣ್ಣನ್ನಿಡರು. ಧೂಮಪಾನಿಗೆ ಹೊಗೆಬತ್ತಿ; ಕುಡಿತದವನಿಗೆ ಕತ್ತಾಳೆಯ ರಸದ ಮದ್ಯ. ಮದ್ಯವನ್ನು ಪೂಜಾಸ್ಥಾನದಲ್ಲಿಡುವುದು ನನಗೆ ಹಿತವಲ್ಲ. ಅದನ್ನು ಸಮರ್ಥಿಸಲು ನಾನು ಹೊರಟಿಲ್ಲ. ಆದರೆ ಅದರ ಹಿಂದಿರುವ ಪ್ರಾಮಾಣಿಕತೆಯನ್ನು ಗಮನಿಸಬೇಕು. ನಾವು ಸಾಮಾನ್ಯವಾಗಿ ಸತ್ತವರನ್ನು ದೇವರನ್ನಾಗಿ ಮಾಡಿಬಿಡುವೆವು. ನಿನ್ನೆಯವರೆಗೆ ಜಿಪುಣನೆನಿಸಿದ್ದವನು ಇಂದಿನ ಶೋಕಸಭೆಯಲ್ಲಿ ದಾನಶೂರನಾಗುವನು. ಹೆಂಡತಿಯನ್ನು ಹೊಡೆದವನು ಆದರ್ಶ ಗೃಹಸ್ಥನಾಗುವನು. ಹೀಗೆ ಸ್ತುತಿಸುವಾಗ ನಾವು ಸ್ಮರಿಸುವುದು ಆ ಮನುಷ್ಯನನ್ನಲ್ಲ, ಅವನ ಹೆಸರನ್ನು ಹೊತ್ತ ಬೇರೊಬ್ಬನನ್ನು. ಅಲ್ಲಿಯಾದರೋ ಸತ್ತವನು ತನ್ನ ಚಪಲದೊಡನೆ, ತನ್ನ ದೌರ್ಬಲ್ಯದೊಡನೆ, ತಾನಾಗಿಯೇ ಬರುವನು. ಅವನಿಗೆ ಎಡೆಯಿಡಬೇಕಾದರೆ ಅವನನ್ನು ಬಲ್ಲವರಾಗಿರಬೇಕು. ಬಲ್ಲವರು ಬಲ್ಲುದನ್ನು ಮಕ್ಕಳಿಗೆ ಹೇಳಬೇಕು. ಮುತ್ತಜ್ಜಿಯನ್ನು ಕಾಣದ ಹುಡುಗನು ಅವಳಿಗೆ ಇಷ್ಟವಾದ ಹಣ್ಣನ್ನು ತಟ್ಟೆಯಲ್ಲಿಡುವಾಗ ಅವಳ ವಿಷಯದಲ್ಲಿ ಒಂದು ನಿಜವನ್ನು ಕಲಿಯುವನು. ಆದುದರಿಂದ ಅಲ್ಲಿ ಸಲ್ಲುತ್ತಿರುವ ಋಣವು ಹೊರನೋಟಕ್ಕೆ ಅನ್ನದ ಋಣ. ಒಳಗೆ ಅದು ಸತ್ಯದ ಋಣ.

ಇನ್ನು ಸಾವನ್ನು ಒಪ್ಪಲಾರದ ಮನಸ್ಸು ಎಂಬ ಮಾತು. ಈ ಹಬ್ಬಕ್ಕೆ ಅವಧಿಯಿದೆ. ನೆಂಟರನ್ನು ಕರೆಯುವ ಗಳಿಗೆ ಇರುವಂತೆ ಕಳುಹಿಸಿಕೊಡುವ ಗಳಿಗೆಯೂ ನಿಶ್ಚಿತವಾಗಿದೆ. ಬಳಿಕ ಪೀಠವನ್ನು ಕಳಚುವರು, ಬಾಡಿದ ಹೂವನ್ನು ಗುಡಿಸುವರು, ಮೇಜು ಊಟದ ಮೇಜಾಗುವುದು. ಸತ್ತವರು ಮನೆಯಲ್ಲಿ ಉಳಿಯಬೇಕೆಂದು ಯಾರೂ ಹಂಬಲಿಸರು. ವರ್ಷದ ಮುನ್ನೂರ ಅರವತ್ತು ದಿನಗಳೂ ಶೋಕಕ್ಕೆ ಬಾಗಿಲು ತೆರೆದಿಟ್ಟವನಿಗಿಂತ, ಅದಕ್ಕೆ ಎರಡು ದಿನ ಪೂರ್ಣವಾಗಿ ತೆರೆದು ಮೂರನೆಯ ದಿನ ಹೊಲಕ್ಕೆ ಹೋಗುವವನು ಸಾವನ್ನು ಹೆಚ್ಚಾಗಿ ಒಪ್ಪಿದವನಲ್ಲವೆ?

ಹೀಗೆಂದ ಮಾತ್ರಕ್ಕೆ ಎಲ್ಲವೂ ಸಾಧುವೆಂದಲ್ಲ. ಬಡವನು ಸಾಲ ಮಾಡಿ ಪೀಠವನ್ನು ಸಿಂಗರಿಸುವುದು ಅಲ್ಲಿಯೂ ಉಂಟು. ಬದುಕಿದ್ದ ತಾಯಿಗೆ ಗಂಜಿಯಿಡದ ಮಗನು ಅವಳ ಚಿತ್ರಕ್ಕೆ ಹನ್ನೆರಡು ಬಗೆಯ ಭಕ್ಷ್ಯವನ್ನಿಡುವುದು ಯಾವ ದೇಶದಲ್ಲಿಯೂ ಅಸಂಭವವಲ್ಲ. ಮೆಕ್ಸಿಕೋದ ಮಹಾಕವಿ ಒಕ್ತಾವಿಯೋ ಪಾಸ್, 1962ರಿಂದ 1968ರವರೆಗೆ ನಮ್ಮ ದೇಶದಲ್ಲಿ ತನ್ನ ಸರಕಾರದ ರಾಯಭಾರಿಯಾಗಿದ್ದವನು, ತನ್ನ ಜನರ ಏಕಾಂತವನ್ನು ಕುರಿತು 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಅಧ್ಯಾಯವನ್ನು ಈ ಹಬ್ಬಕ್ಕೆ ಮೀಸಲಿಟ್ಟಿರುವನು. ಸಾವನ್ನು ನೋಡಿ ನಗುವ ತನ್ನ ಜನರ ಧೈರ್ಯವನ್ನು ಅವನು ಹೊಗಳಿ ಸುಮ್ಮನಾಗಲಿಲ್ಲ. ಸಾವಿನ ವಿಷಯದ ಈ ನಿರ್ಲಕ್ಷ್ಯಕ್ಕೆ ಬದುಕಿನ ವಿಷಯದ ನಿರ್ಲಕ್ಷ್ಯವೇ ಬೇರಾಗಿದೆಯೆಂದು ನೇರವಾಗಿ ಹೇಳಿದನು. ಸ್ವಜನರ ಹಬ್ಬವನ್ನು ಹೀಗೆ ಪರೀಕ್ಷಿಸುವುದು ಎಲ್ಲ ಕವಿಗಳಿಗೂ ಸಾಧ್ಯವಾಗುವಂಥದಲ್ಲ. ಅವನು ಕಂಡ ದೋಷವು ನಿಜವೂ ಅಹುದು. ನಗುವು ಎರಡು ಬಗೆ: ಭಯವನ್ನು ಗೆದ್ದ ನಗುವೊಂದು, ಭಯವನ್ನು ಮರೆಸುವ ನಗುವೊಂದು. ಹೊರಗಿನಿಂದ ನೋಡುವವನಿಗೆ ಇವೆರಡೂ ಒಂದೇ.

ಮರೆಸುವ ನಗುವಿಗೆ ಈಗ ವ್ಯಾಪಾರಿಗಳು ಬೆಂಬಲವಾಗಿರುವರು. 2013ರಲ್ಲಿ ಅಮೆರಿಕಾದ ಡಿಸ್ನಿ ಎಂಬ ಚಲಚ್ಚಿತ್ರ ಸಂಸ್ಥೆಯು ಹಬ್ಬದ ಹೆಸರನ್ನೇ ತನ್ನ ವ್ಯಾಪಾರಮುದ್ರೆಯನ್ನಾಗಿ ಬರೆಯಿಸಿಕೊಳ್ಳಲು ಅರ್ಜಿ ಹಾಕಿ, ಜನರು ಸಿಟ್ಟಾದಾಗ ಹಿಂತೆಗೆದುಕೊಂಡಿತು. 2015ರ ಆಂಗ್ಲ ಚಲಚ್ಚಿತ್ರವೊಂದರಲ್ಲಿ ಮೆಕ್ಸಿಕೋ ನಗರದ ಬೀದಿಗಳಲ್ಲಿ ಅಸ್ಥಿಪಂಜರವೇಷಗಳ ದೊಡ್ಡ ಮೆರವಣಿಗೆಯನ್ನು ಕಲ್ಪಿಸಿ ತೋರಿಸಿದರು. ಅಂಥ ಮೆರವಣಿಗೆಯು ಆ ನಗರದಲ್ಲಿ ಇರಲೇ ಇಲ್ಲ. ಪ್ರೇಕ್ಷಕರು ಅದನ್ನು ನೋಡಲು ಬರುವರೆಂದು ಮರುವರ್ಷ, 2016ರಲ್ಲಿ, ಅಧಿಕಾರಿಗಳು ಅದನ್ನು ನಿಜವಾಗಿಯೇ ಹೊರಡಿಸಿದರು! ಬಿಂಬಕ್ಕೆ ತಕ್ಕಂತೆ ಮುಖವನ್ನು ತಿದ್ದಿಕೊಂಡ ಕಥೆಯಿದು.

ವೇಷವೆಂದಾಗ ಹೊಸೆ ಗ್ವಾದಲೂಪೆ ಪೊಸಾದಾನ ನೆನಪು ಬರುವುದು. 1852ರಲ್ಲಿ ಹುಟ್ಟಿದ ಈ ಚಿತ್ರಕಾರನು, ಒಂದೆರಡು ಕಾಸಿಗೆ ಬೀದಿಯಲ್ಲಿ ಮಾರುವ ಹಾಳೆಗಳಿಗಾಗಿ, ಮಂತ್ರಿಗಳನ್ನೂ ಸಿರಿವಂತರನ್ನೂ ಬಡವರನ್ನೂ ಒಂದೇ ಸಮನಾಗಿ ಅಸ್ಥಿಪಂಜರಗಳನ್ನಾಗಿ ಕೊರೆದನು. ಹೂಗರಿಗಳ ದೊಡ್ಡ ಟೊಪ್ಪಿಗೆಯಿಟ್ಟ ಹೆಣ್ಣು ತಲೆಬುರುಡೆಯೊಂದನ್ನು ಅವನು ಚಿತ್ರಿಸಿದುದು, ತಮ್ಮ ಕುಲವನ್ನು ಮುಚ್ಚಿಟ್ಟು ಯೂರೋಪಿನ ಠೀವಿಯನ್ನು ನಟಿಸುವವರನ್ನು ಹಾಸ್ಯಮಾಡಲೆಂದು. ದಿಯೇಗೋ ರಿವೇರಾ 1947ರ ತನ್ನ ಭಿತ್ತಿಚಿತ್ರದಲ್ಲಿ ಅವಳಿಗೆ ಪೂರ್ಣ ದೇಹವನ್ನೂ ಉಡುಪನ್ನೂ ಕೊಟ್ಟು, ಪಕ್ಕದಲ್ಲಿ ಪೊಸಾದಾನನ್ನೇ ನಿಲ್ಲಿಸಿದನು. ಇಂದು ಅದೇ ಆಕೃತಿಯು ಜಗತ್ತಿನ ಅಂಗಡಿಗಳಲ್ಲೆಲ್ಲ ಹಬ್ಬದ ಗುರುತಾಗಿ ಮಾರಾಟವಾಗುತ್ತಿದೆ. ಅವಳನ್ನು ಹುಟ್ಟಿಸಿದವನು 1913ರಲ್ಲಿ ಕಡುಬಡತನದಲ್ಲಿ ಸತ್ತನು. ದಿಕ್ಕಿಲ್ಲದವರ ಗುಂಡಿಯನ್ನು ಸೇರಿದ ಅವನ ಎಲುಬುಗಳು ಯಾವುವೆಂದು ಹೇಳಬಲ್ಲವರಿಲ್ಲ. ಬಂಧುಗಳು ಬಂದು ದೀಪ ಹಚ್ಚುವ ಸಮಾಧಿಯು ಅವನಿಗಿಲ್ಲ.

ಅಂಥವರಿಗೆ ಎಡೆಯಿಡುವವರು ಯಾರು? ಈ ಹಬ್ಬದಲ್ಲಿ ನನಗೆ ಅತ್ಯಂತ ಪೂಜ್ಯವಾಗಿ ಕಂಡ ಅಂಶವು ಈ ಪ್ರಶ್ನೆಗೆ ಆ ಜನರು ಕೊಟ್ಟುಕೊಂಡ ಉತ್ತರ. ಅನೇಕ ಮನೆಗಳಲ್ಲಿ ತಮ್ಮ ಮೃತರ ಸಂಖ್ಯೆಗಿಂತ ಒಂದು ದೀಪವನ್ನು ಹೆಚ್ಚಾಗಿ ಹಚ್ಚುವರು. ಅದು ‘ಆನಿಮಾ ಸೋಲಾ’ಕ್ಕೆ, ಎಂದರೆ ನೆನೆಯುವವರಿಲ್ಲದ ಒಂಟಿ ಜೀವಕ್ಕೆ. ಯುಕಾತಾನಿನ ಮಾಯಾ ಜನರು ಈ ಹಬ್ಬವನ್ನು ‘ಹನಾಲ್ ಪಿಶಾನ್’, ಜೀವಗಳ ಊಟ, ಎನ್ನುವರು. ಅವರಲ್ಲಿ ದಿಕ್ಕಿಲ್ಲದ ಆ ಜೀವಕ್ಕೆಂದು ಬಾಗಿಲ ಬಳಿಯೋ ಹೊರಗಿನ ಗಿಡದಲ್ಲಿಯೋ ಬೇರೆ ಪಾಲನ್ನು ಇಡುವ ವಾಡಿಕೆಯುಂಟು. ತಂದೆಗೆ ಎಡೆಯಿಡುವವನಲ್ಲಿ ಮಮಕಾರವಿರಬಹುದು, ಭಯವಿರಬಹುದು, ನೆರೆಯವರ ನಿಂದೆಗೆ ಅಂಜಿಕೆಯಿರಬಹುದು. ಹೆಸರೂ ಮುಖವೂ ತಿಳಿಯದ, ಪ್ರತಿಫಲವನ್ನು ಕೊಡಲಾರದ, ದೂರು ಹೇಳಲು ಒಬ್ಬ ಬಂಧುವೂ ಇಲ್ಲದವನಿಗೆ ಇಟ್ಟ ಪಾಲಿನಲ್ಲಿ ಇವು ಯಾವುವೂ ಇರಲಾರವು. ಸಮಾಜದಲ್ಲಿ ಹಾಗೆ ಸತ್ತವರು ಇದ್ದಾರೆಂಬ ಕಹಿಯಾದ ನಿಜವನ್ನು ಒಪ್ಪಿಕೊಂಡಂತಾಯಿತು.

ತಾಯ್ನೆಲವನ್ನು ಬಿಟ್ಟುಹೋದವರ ಕೈಯಲ್ಲಿ ಈ ಭಾವವು ಮತ್ತೊಂದು ರೂಪವನ್ನು ತಾಳಿತು. ಅಮೆರಿಕಾ ಸಂಯುಕ್ತ ಸಂಸ್ಥಾನದ ಕಾರಖಾನೆಗಳಿಗೂ ತೋಟಗಳಿಗೂ ದುಡಿಯಲು ಹೋದ ಮೆಕ್ಸಿಕೋದವರಿಗೆ ಹಿರಿಯರ ಸಮಾಧಿಗಳು ಗಡಿಯ ಆಚೆ ಉಳಿದುವು. ಮರಳಿ ಹೋಗಲು ಕೆಲವರಿಗೆ ಹಣವಿಲ್ಲ, ಕೆಲವರಿಗೆ ಕಾಗದಪತ್ರವಿಲ್ಲ. ಅವರ ಮಕ್ಕಳಲ್ಲಿ ಅನೇಕರು ಹಬ್ಬವನ್ನೇ ಮರೆತಿದ್ದರು. 1970ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ಪೂರ್ವಭಾಗದಲ್ಲಿ ಕರೆನ್ ಬೊಕಲೆರೋ ಎಂಬ ಕ್ರೈಸ್ತ ಸಂನ್ಯಾಸಿನಿಯೂ ಅವಳ ಜೊತೆಯ ಕಲಾವಿದರೂ, ಸಾನ್ ಫ್ರಾನ್ಸಿಸ್ಕೋದಲ್ಲಿ ಗಲೆರಿಯಾ ದೆ ಲಾ ರಾಸಾ ಎಂಬ ಕಲಾಶಾಲೆಯವರೂ, ಇದನ್ನು ಸಾರ್ವಜನಿಕವಾಗಿ ಆಚರಿಸಲು ತೊಡಗಿದರು. ಸಮಾಧಿಯಿಲ್ಲದ ಊರಿನಲ್ಲಿ ಸಭಾಂಗಣವೇ ಸ್ಮಶಾನವಾಯಿತು. ಎಲ್ಲರಿಗೂ ಸೇರಿ ಒಂದೇ ದೊಡ್ಡ ಪೀಠ. ಯಾರು ಬೇಕಾದರೂ ತಮ್ಮವರ ಚಿತ್ರವನ್ನು ತಂದು ಇಡಬಹುದು. ಮೆಕ್ಸಿಕೋದವಳ ಅಜ್ಜಿಯ ಪಕ್ಕದಲ್ಲಿ ಮೆಕ್ಸಿಕೋವನ್ನು ಕಾಣದವನೊಬ್ಬನ ಮಗುವಿನ ಚಿತ್ರವಿರಬಹುದು. ಅಪರಿಚಿತರಿಬ್ಬರು ಒಂದೇ ದೀಪವನ್ನು ಸರಿಪಡಿಸುವಾಗ, ಇವರು ಯಾರು ಎಂದು ಒಬ್ಬರು ಕೇಳುವರು, ಮತ್ತೊಬ್ಬರು ಹೇಳುವರು. ನೆರೆಯವನ ದುಃಖವನ್ನು ಕೇಳಿ ತಿಳಿಯುವ ಅವಕಾಶವು ದೊಡ್ಡ ನಗರಗಳಲ್ಲಿ ಎಷ್ಟು ದುರ್ಲಭವೆಂಬುದನ್ನು ಅಲ್ಲಿ ಬಾಳಿದವರೇ ಬಲ್ಲರು.

2020ರಲ್ಲಿ ಕೋವಿಡ್ ಮಹಾಮಾರಿಯ ಕಾರಣ ಮೆಕ್ಸಿಕೋದಲ್ಲಿಯೇ ಹಬ್ಬದ ಕಾಲಕ್ಕೆ ಬಹಳ ಸ್ಮಶಾನಗಳ ಬಾಗಿಲನ್ನು ಮುಚ್ಚಬೇಕಾಯಿತು. ಸರಕಾರವು ಅಕ್ಟೋಬರ್ 31ರಿಂದ ಮೂರು ದಿನ ರಾಷ್ಟ್ರೀಯ ಶೋಕವನ್ನು ಸಾರಿತು. ಆ ವರ್ಷ ಸತ್ತವರ ಬಳಿ ಕೊನೆಯ ಗಳಿಗೆಯಲ್ಲಿಯೂ ಇರಲಾಗದಿದ್ದ ಬಂಧುಗಳು ಹಬ್ಬದಲ್ಲಿಯೂ ಮನೆಯ ಪೀಠದ ಮುಂದೆಯೇ ಕುಳಿತರು.

ಆದರೆ ಪೀಠದ ಮುಂದೆ ಕೂಡ ಕುಳಿತುಕೊಳ್ಳಲಾರದವರು ಆ ದೇಶದಲ್ಲಿರುವರು. ಪಾತಕಿಗಳ ತಂಡಗಳಿಂದಲೂ, ಕೆಲವೊಮ್ಮೆ ಅಧಿಕಾರಿಗಳ ಕೈವಾಡದಿಂದಲೂ, ಅಲ್ಲಿ ಕಾಣೆಯಾದವರ ಸಂಖ್ಯೆಯು ಸರಕಾರದ ದಾಖಲೆಯಲ್ಲಿಯೇ 2022ರಲ್ಲಿ ಒಂದು ಲಕ್ಷವನ್ನು ಮೀರಿತು. 2014ರ ಸೆಪ್ಟೆಂಬರ್ 26ರ ರಾತ್ರಿ ಆಯೋತ್ಸಿನಾಪಾ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯ 43 ಮಂದಿ ವಿದ್ಯಾರ್ಥಿಗಳು ಕಾಣೆಯಾದರು. ತರುವಾಯದ ವರ್ಷಗಳಲ್ಲಿ ಮೂವರ ಅವಶೇಷಗಳನ್ನು ಮಾತ್ರ ಗುರುತಿಸಲಾಯಿತು. ಬಡ ರೈತರ ಮಕ್ಕಳು. ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಬೇಕಾಗಿದ್ದವರು.

ಹೀಗೆ ಕಾಣೆಯಾದವರ ತಾಯಂದಿರಲ್ಲಿ ಅನೇಕರು ನವೆಂಬರಿನಲ್ಲಿ ಮಗನ ಚಿತ್ರವನ್ನು ಪೀಠದ ಮೇಲೆ ಇಡಲು ಒಪ್ಪರು. ಇಟ್ಟರೆ ಮಗನು ಸತ್ತನೆಂದು ತಾವೇ ನುಡಿದಂತಾಗುವುದು. ನೆರೆಮನೆಯಲ್ಲಿ ಹೂವಿನ ಹಾದಿ, ದೀಪ, ಧೂಪ. ಇವರ ಮನೆಯಲ್ಲಿ ಆ ಚಿತ್ರವು ಗೋಡೆಯ ಮೇಲೆಯೇ ಇರುವುದು. ಎಡೆಯಿಡುವುದೆಂದರೆ ಸಾವನ್ನು ಅಲ್ಲಗಳೆಯುವುದೆಂಬ ಪೂರ್ವಪಕ್ಷಿಯು ಈ ಮನೆಯ ಬಾಗಿಲಲ್ಲಿ ಒಮ್ಮೆ ನಿಲ್ಲಬೇಕು. ಎಡೆಯಿಡುವುದು ಸಾವಿಗೆ ಕೊಡುವ ಸಾಕ್ಷಿಯೆಂದು ಬಲ್ಲುದರಿಂದಲೇ ಆ ತಾಯಿಯು ಎಡೆಯಿಡಳು. ಸಾಕ್ಷಿ ಹೇಳಲು ಅವಳಿಗೆ ಪ್ರಮಾಣವಿಲ್ಲ; ಸುಳ್ಳು ಸಾಕ್ಷಿಯನ್ನು ಅವಳು ಹೇಳಲಾರಳು. ಆಪ್ತರು, ‘ಇನ್ನು ಸಾಕು, ಒಂದು ದೀಪ ಹಚ್ಚಿ ಮನಸ್ಸಿಗೆ ಸಮಾಧಾನ ತಂದುಕೊಳ್ಳಮ್ಮಾ’ ಎಂದು ಹೇಳಬಹುದು. ಆ ಸಮಾಧಾನವನ್ನು ನಿರಾಕರಿಸುವ ಅವಳನ್ನು ಮೋಹಪಾಶದಲ್ಲಿ ಸಿಕ್ಕವಳೆನ್ನಲು ನನಗೆ ನಾಲಗೆ ಬಾರದು.

ಇಂಥ ತಾಯಂದಿರು ಗುಂಪುಗೂಡಿ, ಗುದ್ದಲಿ ಹಾರೆಗಳನ್ನು ಹೊತ್ತು, ಊರ ಹೊರಗಿನ ಬಯಲುಗಳನ್ನೂ ಗುಡ್ಡಗಳನ್ನೂ ತಾವೇ ಹುಡುಕುವರು. ನೆಲವು ಸಡಿಲಾಗಿ ಕಂಡಲ್ಲಿ ಕಬ್ಬಿಣದ ಸಲಾಕೆಯನ್ನು ಆಳಕ್ಕೆ ಇಳಿಸಿ, ಹೊರಗೆಳೆದು, ಅದರ ತುದಿಯನ್ನು ಮೂಸಿ ನೋಡುವರು. ಮಣ್ಣಿನ ವಾಸನೆಯೇ ಇದ್ದರೆ ಮುಂದಿನ ಜಾಗಕ್ಕೆ. ಬೇರೆ ವಾಸನೆಯಿದ್ದರೆ ಅಲ್ಲಿ ಅಗೆಯುವರು. ದೊರೆತ ಎಲುಬು ತಮ್ಮ ಮಗನದೋ ಮತ್ತೊಬ್ಬಳ ಮಗನದೋ ಎಂದು ಆ ಕ್ಷಣದಲ್ಲಿ ಯಾರಿಗೂ ತಿಳಿಯದು. ಎಲ್ಲರೂ ಒಂದೇ ಎಚ್ಚರಿಕೆಯಿಂದ ಮಣ್ಣನ್ನು ಸರಿಸುವರು. ಪರೀಕ್ಷೆಯಾಗಿ ಹೆಸರು ತಿಳಿದ ಮೇಲೆ ಒಬ್ಬ ತಾಯಿಗೆ ಮಗನನ್ನು ಮಣ್ಣಿಗಿಡುವ ದಿನ ಬರುವುದು. ಮುಂದಿನ ನವೆಂಬರಿನಲ್ಲಿ ಗೋಡೆಯ ಚಿತ್ರವನ್ನು ಇಳಿಸಿ ಪೀಠದ ಮೇಲೆ ಇಡುವಳು, ಅವನು ಮೆಚ್ಚುತ್ತಿದ್ದುದನ್ನು ಅಡುವಳು. ಉಳಿದವರು ಅವಳ ಮನೆಯಲ್ಲಿ ಕುಳಿತು ಉಂಡು, ಮರುದಿನ ಸಲಾಕೆಯನ್ನು ಹಿಡಿದು ಹೊರಡುವರು.